ವಕೀಲರು ಹೊರಗೆ, ಶಾಸಕರು ಒಳಗೆ

ಬೈಲಹೊಂಗಲದಲ್ಲಿ ವಕೀಲಿಕೆ ಎಂದರೆ ನೆಲದ ವಕೀಲಿಕೆ. ಹತ್ತಿ, ಜೋಳ ಬೆಳೆಯುವ ಎರೆಹೊಲ, ಮಲಪ್ರಭೆಯ ದಂಡೆಯ ತುಂಡುಗಳು, ಕಿತ್ತೂರಿನ ಕಡೆಯ ಭತ್ತದ ಗದ್ದೆ, ಇವುಗಳ ಬದು, ಬಾವಿ, ಬಂಡಿದಾರಿ ನಮ್ಮನ್ನು ಸಾಕಿದವು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲೆ ಮುಳುಗಿದ ಹೊಲಗಳ ಪರಿಹಾರದ ಕೇಸುಗಳೂ ಸೇರಿಕೊಂಡವು. ಮಾರಾಮಾರಿಯ ಫೌಜದಾರಿ ಕೇಸು ಬಂದರೂ ಬುಡ ಕೆದಕಿದರೆ ಅಲ್ಲೊಂದು ಸರ್ವೆ ನಂಬರು ಸಿಕ್ಕೇ ಸಿಗುತ್ತಿತ್ತು.

ನಾನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ. 1939ರಲ್ಲಿ ಶುರುವಾದ ಕಾಲೇಜು. ಅಲ್ಲಿ ಕಲಿತವರಲ್ಲೊಬ್ಬರಾದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು; ಅಲ್ಲೇ ಕಲಿತ ನಾನು ಬೈಲಹೊಂಗಲದ ಮುನ್ಸೀಫ್ ಕೋರ್ಟಿಗೆ ಬಂದೆ. ಬಂದದ್ದು 1975ರಲ್ಲಿ. ಸೇರಿದ್ದು ಊರಿನ ಒಬ್ಬ ಹಿರಿಯ ವಕೀಲರ ಕೈಕೆಳಗೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಬಾಗಿಲ ಮೇಲಿನ ಫಲಕದಲ್ಲಿದ್ದರೆ ಸಾಕು, ಬೇರೆಲ್ಲೂ ಬೇಡ ಎನ್ನುತ್ತಿದ್ದವರು.

ಆಫೀಸೆಂದರೆ ಅವರ ಮನೆಯ ಪಡಸಾಲೆ. ಒಂದು ಮೇಜು, ಎರಡು ಕಪಾಟು, ಗೋಡೆಗೆ ಹೊಂದಿಸಿದ ಬಾಕು. ಸಂತೆಯ ದಿನ ಆ ಬಾಕಿನ ಮೇಲೆ ಜಾಗ ಸಿಗುತ್ತಿರಲಿಲ್ಲ. ಪಕ್ಷಗಾರರು ಬಂದರೆ ಸಾಹೇಬರು ಮೊದಲು ಕತೆ ಕೇಳುತ್ತಿರಲಿಲ್ಲ, "ಉತಾರ ತಂದೀಯೇನು?" ಎಂದು ಕೇಳುತ್ತಿದ್ದರು. ಉತಾರ, ಅಂದರೆ ಹೊಲದ ಪಹಣಿ, ಕೈಗೆ ಬಂದ ಮೇಲೆ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಮೊದಲು ನೋಡುತ್ತಿದ್ದುದು 9ನೇ ಕಾಲಂ, ಆಮೇಲೆ 12ನೇ ಕಾಲಂ. ಒಂಬತ್ತರಲ್ಲಿ ಹೊಲ ಯಾರ ಹೆಸರಿಗಿದೆ ಎಂದು ಇರುತ್ತದೆ. ಹನ್ನೆರಡರಲ್ಲಿ ಉಳುವವರು ಯಾರು ಎಂದು. ಎರಡೂ ಕಡೆ ಒಂದೇ ಹೆಸರಿದ್ದರೆ ಕಾಗದ ಕೆಳಗಿಟ್ಟು ಚಹಾ ತರಿಸುತ್ತಿದ್ದರು. ಬೇರೆ ಬೇರೆ ಹೆಸರಿದ್ದರೆ ಚಹಾ ಮರೆತುಹೋಗುತ್ತಿತ್ತು. ಆ ಎರಡು ಕಾಲಂಗಳ ನಡುವೆ ಇರುವುದು ಬೆರಳಷ್ಟು ಜಾಗ. ನಾನು ವಕೀಲಿಕೆ ಮಾಡಿದ ಮೊದಲ ಹದಿನೈದು ವರ್ಷ ಆ ಬೆರಳಷ್ಟು ಜಾಗದಲ್ಲೇ ಕಳೆಯಿತು.

ಹಳೆಯ ದಸ್ತೈವಜುಗಳು ಮೋಡಿ ಲಿಪಿಯಲ್ಲಿರುತ್ತಿದ್ದವು. ಅವನ್ನು ಓದಬಲ್ಲ ಮುದುಕರು ಊರಿನಲ್ಲಿ ಒಬ್ಬಿಬ್ಬರು ಉಳಿದಿದ್ದರು. ಅವರನ್ನು ಕರೆಸಿ, ಮರ್ಯಾದೆ ಮಾಡಿ, ಓದಿಸಿಕೊಳ್ಳಬೇಕು. ರಾಮದುರ್ಗದ ಕಡೆಯವರು ಬಂದರೆ ಇನ್ನೊಂದು ತಾಪತ್ರಯ. ರಾಮದುರ್ಗ 1948ರವರೆಗೆ ಬೇರೆಯೇ ಸಂಸ್ಥಾನ. ಅಲ್ಲಿಯ ಹಳೆಯ ಕಾಗದ ಹುಡುಕುವ ದಾರಿಯೇ ಬೇರೆ. ಸಾಹೇಬರು ವಕೀಲರಾದಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ದೊಡ್ಡ ಅಪೀಲು ಮುಂಬಯಿಗೆ ಹೋಗುತ್ತಿತ್ತು. 1956ರ ನವೆಂಬರ್ 1ರ ಮೇಲೆ ಅದೇ ಅಪೀಲು ಬೆಂಗಳೂರಿಗೆ ತಿರುಗಿತು. ಆದರೂ ನಮ್ಮ ಕೋರ್ಟಿನ ಬಾಯಿಮಾತು ಬದಲಾಗಲಿಲ್ಲ. ನಾವು ಇಂದಿಗೂ ಕೈಫಿಯತ್ತು ಕೊಡುತ್ತೇವೆ, ದರಖಾಸ್ತು ಹಾಕುತ್ತೇವೆ, ಅಣ್ಣತಮ್ಮಂದಿರ ವಾಟ್ನಿ ದಾವೆ ನಡೆಸುತ್ತೇವೆ.

ಊರಿನ ಮಂದಿಯ ಲೆಕ್ಕದಲ್ಲಿ ಮೂವರು ಸಾಹೇಬರಿದ್ದರು: ವಕೀಲ ಸಾಹೇಬರು, ಎಮ್ಮೆಲ್ಲೆ ಸಾಹೇಬರು, ಜಡ್ಜ್ ಸಾಹೇಬರು. ಮೂವರೂ ಕಾಯ್ದೆಯವರೇ ಅಂದಮೇಲೆ ಮೂವರ ಬಾಯಲ್ಲೂ ಒಂದೇ ಮಾತು ಬರಬೇಕೆಂದು ಅವರ ಎಣಿಕೆ. ಹೊಲದ ತಕರಾರು ಹೊತ್ತು ಬೆಳಿಗ್ಗೆ ನಮ್ಮ ಪಡಸಾಲೆಗೆ ಬಂದವರು ಸಂಜೆ ಶಾಸಕರ ಮನೆಯ ಅಂಗಳದಲ್ಲೂ ಇರುತ್ತಿದ್ದರು. ಜಡ್ಜ್ ಸಾಹೇಬರ ಮನೆಗೆ ಮಾತ್ರ ಹೋಗುವಂತಿರಲಿಲ್ಲ. ಅದಕ್ಕೂ ಒಂದು ಉಪಾಯ ಹುಡುಕುತ್ತಿದ್ದರು.

"ಸಾಹೇಬ್ರ, ಜಡ್ಜ್ ಸಾಹೇಬ್ರಿಗೆ ಒಂದ್ ಮಾತು ನೀವ ಹೇಳ್ರಲಾ."

"ಹೇಳ್ತೀನಿ. ಕೋರ್ಟಿನ್ಯಾಗ, ಎದುರಿನ ವಕೀಲ್ರ ಮುಂದ, ಎಲ್ಲಾರಿಗೂ ಕೇಳುವಂಗ ಹೇಳ್ತೀನಿ."

ಕೇಳಿದವರಿಗೆ ಇದು ಜಾರಿಕೆಯ ಉತ್ತರದಂತೆ ಕಾಣುತ್ತಿತ್ತು. ಸಾಹೇಬರ ಇಡೀ ಕಸುಬು ಆ ಒಂದು ಮಾತಿನಲ್ಲಿತ್ತು ಎಂಬುದು ನನಗೆ ಮನದಟ್ಟಾದದ್ದು ಭೂ ನ್ಯಾಯಮಂಡಳಿಯ ದಿನಗಳಲ್ಲಿ.

ವಕೀಲರು ಶಾಸಕರಾಗುವುದು ನಮ್ಮ ಸೀಮೆಗೆ ಹೊಸತಲ್ಲ. ಜಮಖಂಡಿಯಂಥ ಸಣ್ಣ ಊರಿನಲ್ಲಿ ವಕೀಲರಾಗಿದ್ದ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು, ಉಪರಾಷ್ಟ್ರಪತಿಗಳಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳೂ ಆಗಿದ್ದರು. ಕೆರೂರಿನಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ವಕೀಲಿಕೆ ಮಾಡಿದ ಎಸ್.ಆರ್. ಕಂಠಿಯವರು ಏಕೀಕರಣದ ನಂತರದ ವಿಧಾನಸಭೆಗೆ ಸ್ಪೀಕರ್ ಆದರು. 1962ರಲ್ಲಿ ಮೂರು ತಿಂಗಳು ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರಿಗೆ ಕುರ್ಚಿ ಬಿಟ್ಟುಕೊಟ್ಟರು. ಸ್ಪೀಕರ್ ಕುರ್ಚಿ ಅರ್ಧ ಜಡ್ಜ್ ಕುರ್ಚಿಯೇ. ಎರಡೂ ಕಡೆಯ ವಾದ ಕೇಳಬೇಕು, ತಾನು ವಾದ ಮಾಡಬಾರದು. ಬಾಗಲಕೋಟೆಯ ಕೋರ್ಟಿನಲ್ಲಿ ವಾದ ಮಾಡಿಯೇ ಬೆಳೆದವರಿಗೆ ಅದು ಸುಲಭವಾಗಿದ್ದಿರಲಾರದು.

ಜತ್ತಿಯವರ ಒಂದು ಕೆಲಸವನ್ನು ಜನ ಮರೆತಿದ್ದಾರೆ. ಏಕೀಕರಣವಾದಾಗ ಹೊಸ ರಾಜ್ಯದಲ್ಲಿ ಗೇಣಿ ಕಾನೂನು ಒಂದೊಂದು ಭಾಗಕ್ಕೆ ಒಂದೊಂದಾಗಿತ್ತು. ನಮ್ಮ ಕಡೆ 1948ರ ಮುಂಬಯಿ ಕಾಯ್ದೆ; ಹೈದರಾಬಾದ್ ಸೀಮೆಗೆ, ಮದ್ರಾಸ್ ಸೀಮೆಗೆ, ಹಳೇ ಮೈಸೂರಿಗೆ, ಕೊಡಗಿಗೆ ಬೇರೆ ಬೇರೆ. ಇವನ್ನೆಲ್ಲ ನೋಡಿ ಒಂದು ಕಾನೂನಿನ ದಾರಿ ತೋರಿಸಲು 1957ರಲ್ಲಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಜತ್ತಿ. ಅದರ ಬುನಾದಿಯ ಮೇಲೆ 1961ರ ಭೂ ಸುಧಾರಣಾ ಕಾಯ್ದೆ ಬಂತು, 1965ರ ಅಕ್ಟೋಬರ್ 2ರಂದು ಜಾರಿಯಾಯಿತು. ಜಾರಿಯಾದರೂ ನಮ್ಮ ಹೊಲಗಳಲ್ಲಿ ದೊಡ್ಡದೇನೂ ಆಗಲಿಲ್ಲ. ಒಡೆಯರು ಬಾಯಿಮಾತಿನಲ್ಲಿ ಲಾವಣಿಗೆ, ಅಂದರೆ ಗೇಣಿಗೆ, ಕೊಡುತ್ತಿದ್ದರು, ತಲಾಠಿಯ ವಹಿಯಲ್ಲಿ ಸ್ವಂತ ಸಾಗುವಳಿ ಎಂದೇ ಬರೆಸುತ್ತಿದ್ದರು. ಇದರಲ್ಲಿ ವಕೀಲರ ಪಾಲೂ ಇತ್ತು. ಒಂದು ದಾವೆಯನ್ನು ಮಗನ ಕಾಲದವರೆಗೆ ಎಳೆಯುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಉಳುವವನ ಹತ್ತಿರ ಅಷ್ಟು ಕಾಲವೂ ಇರಲಿಲ್ಲ, ರೊಕ್ಕವೂ ಇರಲಿಲ್ಲ.

ದೇವರಾಜ ಅರಸರ ಸರ್ಕಾರ ಆ ಗಂಟಿಗೇ ಕತ್ತರಿ ಹಾಕಿತು. ತಿದ್ದುಪಡಿಯಾದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಇದ್ದ ನೆಲವೆಲ್ಲ ಆ ದಿನದಿಂದ ಸರ್ಕಾರದ್ದು. ಉಳುವವನು ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟು ತನ್ನ ಹೆಸರು ನೋಂದಾಯಿಸಿಕೊಳ್ಳಬೇಕು. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ತೀರ್ಮಾನ ಮಾಡುವವರು ಸಿವಿಲ್ ಜಡ್ಜ್ ಅಲ್ಲ, ಭೂ ನ್ಯಾಯಮಂಡಳಿ. ಪ್ರಾಂತ ಸಾಹೇಬರು (ಅಸಿಸ್ಟೆಂಟ್ ಕಮಿಷನರ್) ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಹಲವು ಕಡೆ ಆ ಭಾಗದ ಶಾಸಕರೂ ಸದಸ್ಯರಾಗಿ ಕೂಡುತ್ತಿದ್ದರು. ಮಂಡಳಿಯ ತೀರ್ಮಾನವೇ ಅಂತಿಮ, ಮೇಲೆ ಅಪೀಲಿಲ್ಲ. ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿದ್ದ ದಾವೆಯಲ್ಲಿ ಗೇಣಿಯ ಪ್ರಶ್ನೆ ಎದ್ದರೂ ಕೋರ್ಟು ಅದನ್ನು ಮಂಡಳಿಗೆ ಕಳಿಸಿ ಸುಮ್ಮನೆ ಕೂಡಬೇಕು. ಇನ್ನು 48ನೇ ಕಲಮಿನ 8ನೇ ಉಪಕಲಮು ನಮಗೇ ಮೀಸಲು: ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ.

ಕಾನೂನು ಮಾಡುವವನು ತೀರ್ಪು ಕೊಡುವ ಕುರ್ಚಿಯಲ್ಲಿ, ವಾದ ಮಾಡುವವನು ಅಂಗಳದಲ್ಲಿ. ನಾನು ವಕೀಲನಾದದ್ದು ಇಂಥ ಹೊತ್ತಿನಲ್ಲಿ.

ಮಂಡಳಿ ಕೂಡುವ ದಿನ ಕಚೇರಿಯ ಅಂಗಳದಲ್ಲಿ ಜಾತ್ರೆ. ಒಂದು ಕಡೆ ಅರ್ಜಿದಾರರು, ಅವರ ಹೆಂಡಿರು ಮಕ್ಕಳು, ಬುತ್ತಿಗಂಟು. ಇನ್ನೊಂದು ಕಡೆ ಹೊಲದ ಒಡೆಯರು, ಅವರಲ್ಲಿ ಧಾರವಾಡ, ಪುಣೆಗಳಿಂದ ಬಂದವರೂ ಇರುತ್ತಿದ್ದರು. ಬೇವಿನ ಗಿಡದ ಕೆಳಗೆ ನಾವು, ಕರಿ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು. ಬಾಗಿಲಲ್ಲಿ ಪಟ್ಟೇವಾಲಾ ಹೆಸರು ಕೂಗುತ್ತಿದ್ದ. ನಮ್ಮ ಪಕ್ಷಗಾರನೊಬ್ಬ ಎದ್ದು ಹೊರಟವನು ತಿರುಗಿ ನಿಂತು ಕೇಳಿದ:

"ಸಾಹೇಬ್ರ, ಎಮ್ಮೆಲ್ಲೆ ಸಾಹೇಬ್ರು ಒಳಗ ಕುಂತಾರ. ನೀವ್ಯಾಕ ಹೊರಗ ನಿಂತೀರಿ?"

"ಅವರು ಮಾಡಿದ ಕಾಯ್ದೇನ ನನ್ನ ಹೊರಗ ನಿಂದರಿಸೈತೋ ತಮ್ಮಾ. ನೀ ನಡಿ, ಹೆಸರು ಕೂಗಾಕತ್ತಾರ."

ಹಾಜರಾಗಬಾರದು ಎಂದಿತ್ತೇ ಹೊರತು ಬರೆದು ಕೊಡಬಾರದು ಎಂದಿರಲಿಲ್ಲ. ಹಿಂದಿನ ರಾತ್ರಿ ಕಂದೀಲು ಹಚ್ಚಿಟ್ಟುಕೊಂಡು ಸಾಹೇಬರು ಆತನಿಗಾಗಿ ಹೇಳಿಕೆ ಬರೆಸಿದ್ದರು. ಯಾವ ವರ್ಷದಿಂದ ಲಾವಣಿ, ಒಡೆಯರಿಗೆ ಕೋರು, ಅಂದರೆ ಬೆಳೆಯ ಪಾಲು, ಕೊಟ್ಟದ್ದಕ್ಕೆ ಸಾಕ್ಷಿ ಯಾರು, 12ನೇ ಕಾಲಮಿನಲ್ಲಿ ಯಾವ ವರ್ಷ ಹೆಸರಿದೆ, ಯಾವ ವರ್ಷ ಒಡೆಯರು ಹೆಸರು ತೆಗೆಸಿದರು, ಎಲ್ಲವೂ ಕ್ರಮವಾಗಿ. ಬರೆದವನು ನಾನು, ನನ್ನ ಅಕ್ಷರ ದುಂಡಗಿದ್ದವೆಂದು. ಆತ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಒಳಗೆ ಹೋದ. ಎಲೆ ಅಡಿಕೆ ಹಾಕುವಷ್ಟು ಹೊತ್ತಿನಲ್ಲಿ ನಗುತ್ತ ಹೊರಗೆ ಬಂದ. ಹೊಲ ಅವನದಾಗಿತ್ತು. ಸಾಹೇಬರ ಕಾಲಿಗೆರಗಲು ಬಗ್ಗಿದಾಗ ಕಿಸೆಯಿಂದ ಕಾಗದ ಕೆಳಗೆ ಬಿತ್ತು. ಮಡಿಕೆ ಹಾಗೇ ಇತ್ತು.

"ಕೊಡಲಿಲ್ಲೇನೋ?"

"ಅವರು ಕೇಳಲೇ ಇಲ್ರಿ. ಎಷ್ಟು ವರ್ಸದಿಂದ ಮಾಡಾಕತ್ತೀಯಪಾ ಅಂದ್ರು. ನಮ್ಮಪ್ಪ ಇದ ಹೊಲದಾಗ ನೇಗಲಾ ಹಿಡಕೊಂಡ ಸತ್ತಾನ್ರಿ ಅಂದ್ನಿ. ಊರವರೂ ಹೌದ್ ಅಂದ್ರು. ಮುಗೀತು."

ಮನೆಗೆ ಹೋಗುವ ದಾರಿಯುದ್ದಕ್ಕೂ ಸಾಹೇಬರು ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಂದರು: ಇದೇ ಕೇಸು ಸಿವಿಲ್ ಕೋರ್ಟಿನಲ್ಲಿದ್ದಿದ್ದರೆ ನಾನು ಏಳು ವರ್ಷ ನಡೆಸುತ್ತಿದ್ದೆ, ಎದುರಿನವರು ಹತ್ತು ವರ್ಷ ತಡೆಯುತ್ತಿದ್ದರು, ಅಷ್ಟರಲ್ಲಿ ಇವನೂ ತನ್ನಪ್ಪನ ಹಾಗೆ ನೇಗಿಲು ಹಿಡಿದುಕೊಂಡೇ ಸಾಯುತ್ತಿದ್ದ. ಇದನ್ನು ಅವರು ಬೇಸರದಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದರು. ಕೋರ್ಟಿನ ಮೇಲೆ, ತಮ್ಮ ಕಸುಬಿನ ಮೇಲೆ ಅಷ್ಟು ಅಭಿಮಾನವಿದ್ದ ಮನುಷ್ಯ ಶಾಸಕರು ಮಾಡಿದ ಕೆಲಸ ಕೋರ್ಟಿನಿಂದ ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡದ್ದನ್ನು ನಾನು ಮರೆತಿಲ್ಲ.

ಇನ್ನೊಂದು ಕೇಸು ಇದಕ್ಕೆ ತೀರ ಉಲ್ಟಾ. ಒಬ್ಬ ವಿಧವೆ, ನಾಲ್ಕು ಎಕರೆ ಚಿಲ್ಲರೆ ಹೊಲ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಓದಿಸಲು ಧಾರವಾಡಕ್ಕೆ ಹೋದವರು, ಹೊಲವನ್ನು ಪಕ್ಕದ ಹೊಲದವನ ಕೈಗೆ ಕೊಟ್ಟಿದ್ದರು. ಅವನು ಫಾರಂ 7 ತುಂಬಿದ. ಹೊಸ ಕಾಯ್ದೆ ಸೈನಿಕರಿಗೆ, ಹಡಗಿನ ಕೆಲಸಗಾರರಿಗೆ ಮಾತ್ರ ರಿಯಾಯಿತಿ ಇಟ್ಟಿತ್ತು, ವಿಧವೆಗೆ ಇಟ್ಟಿರಲಿಲ್ಲ. ಅದು ಗೇಣಿಯಾಗಿರಲಿಲ್ಲ, ಕೂಲಿ ಕೊಟ್ಟು ಮಾಡಿಸುತ್ತಿದ್ದೆ ಎಂಬುದು ಆ ತಾಯಿಯ ವಾದ. ಅದು ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ಅವರು ಮೂಲೆಯಲ್ಲಿ ನಿಂತು ಅತ್ತರು, ಒಂದು ಮಾತೂ ಹೊರಡಲಿಲ್ಲ. ಅವರ ಬದಲು ಮಾತಾಡಬೇಕಾದವರು ಬೇವಿನ ಗಿಡದ ಕೆಳಗಿದ್ದೆವು. ಹೊರಗೆ ಬಂದ ಆದೇಶ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ. ಹೆಸರು, ಸರ್ವೆ ನಂಬರು, ಕ್ಷೇತ್ರ ಬರೆಯಲು ಖಾಲಿ ಜಾಗ. ಉಳಿದ ಸಾಲುಗಳು ಆ ದಿನ ತೀರ್ಮಾನವಾದ ಎಲ್ಲ ಕೇಸಿಗೂ ಒಂದೇ. ಅರ್ಜಿದಾರನನ್ನು ಏಕೆ ನಂಬಿದರು, ಈ ತಾಯಿಯನ್ನು ಏಕೆ ನಂಬಲಿಲ್ಲ ಎಂಬುದಕ್ಕೆ ಅದರಲ್ಲಿ ಅರ್ಧ ಸಾಲೂ ಇಲ್ಲ.

ಅಪೀಲಿಲ್ಲವಾದ್ದರಿಂದ ಉಳಿದದ್ದು ಹೈಕೋರ್ಟಿನ ರಿಟ್. ಧಾರವಾಡದಲ್ಲಿ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಬೇಕು. ಆ ವರ್ಷಗಳಲ್ಲಿ ಆ ಗಾಡಿಯ ತುಂಬ ನಮ್ಮ ಸೀಮೆಯ ವಕೀಲರು ಮತ್ತು ಅವರ ಬಗಲಿಗೆ ಅಂಟಿಕೊಂಡ ಹೊಲದವರು. ಕಾರಣ ಬರೆಯದ ಆದೇಶಗಳನ್ನು ಹೈಕೋರ್ಟು ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿರೆಂದು ಮಂಡಳಿಗೆ ವಾಪಸು ಕಳಿಸುತ್ತಿತ್ತು. ಮಂಡಳಿಯ ಸದಸ್ಯರು ಬದಲಾಗಿರುತ್ತಿದ್ದರು. ಮತ್ತೆ ಆದೇಶ, ಮತ್ತೆ ರಿಟ್. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಬಂದವು, 1990ರಲ್ಲಿ ಹೋದವು. ಅವುಗಳ ಮುಂದಿದ್ದ ಕಡತಗಳು ಮತ್ತೆ ಗಾಡಿ ಹತ್ತಿದವು. ಐದು ನಿಮಿಷದಲ್ಲಿ ಮುಗಿದ ಕೇಸು ಇಪ್ಪತ್ತು ವರ್ಷ ಮುಗಿಯಲಿಲ್ಲ.

ನಮ್ಮ ಪಡಸಾಲೆಯ ಗೋಡೆಯಲ್ಲಿ ದೇವರ ಪಟಗಳ ಪಕ್ಕ ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ ಇತ್ತು. ಕೆ.ಎಸ್. ಹೆಗ್ಡೆಯವರದು. ಕೌಡೂರು ಸದಾನಂದ ಹೆಗ್ಡೆ, ಕಾರ್ಕಳದ ಕಡೆಯ ಹಳ್ಳಿಯಲ್ಲಿ 1909ರಲ್ಲಿ ಹುಟ್ಟಿದವರು, ನಮ್ಮಂತೆಯೇ ಊರು ಕೋರ್ಟುಗಳಲ್ಲಿ ಬೆಳೆದ ವಕೀಲರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, ಆಮೇಲೆ ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟ್. ವಕೀಲ, ಶಾಸನಸಭೆಯವ, ನ್ಯಾಯಾಧೀಶ, ಈ ಮೂರೂ ಒಬ್ಬನೇ ಮನುಷ್ಯ ಆಗಬಹುದು ಎಂಬುದಕ್ಕೆ ಸಾಹೇಬರು ತೋರಿಸುತ್ತಿದ್ದ ಉದಾಹರಣೆ ಅದು. ಕೇರಳದ ಕಡೆಯ ಉದಾಹರಣೆ ಬೇಕೆಂದರೆ ತಲಶೇರಿಯಲ್ಲಿ ವಕೀಲರಾಗಿದ್ದು, 1957ರಲ್ಲಿ ಮಂತ್ರಿಯಾಗಿ, 1973ರಲ್ಲಿ ಸುಪ್ರೀಂ ಕೋರ್ಟ್ ಸೇರಿದ ವಿ.ಆರ್. ಕೃಷ್ಣ ಅಯ್ಯರ್.

ಪಕ್ಷದಿಂದ ಬಂದವರು ಜಡ್ಜ್ ಆದರೆ ಪಕ್ಷದ ಮಾತು ಕೇಳುವುದಿಲ್ಲವೇ ಎಂದು ನಾನು ವಾದ ತೆಗೆಯುತ್ತಿದ್ದೆ. ಸಾಹೇಬರು 1973ರ ಕತೆ ಹೇಳುತ್ತಿದ್ದರು. ಆ ಕತೆಯೂ ಹೊಲದಿಂದಲೇ ಶುರುವಾಗುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂ ಸುಧಾರಣಾ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮಠದ ಜಮೀನಿನ ಕೇಸು ಬೆಳೆದು, ಸಂವಿಧಾನವನ್ನು ಸಂಸತ್ತು ಎಲ್ಲಿಯವರೆಗೆ ತಿದ್ದಬಹುದು ಎಂಬ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳು ಕೂತು ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ: ಸಂಸತ್ತು ತಿದ್ದಬಹುದು, ಮೂಲ ರಚನೆಯನ್ನು ಕೆಡವುವಂತಿಲ್ಲ. ಹೆಗ್ಡೆಯವರು ಆ ಏಳು ಮಂದಿಯಲ್ಲಿದ್ದರು. ಮರುದಿನವೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಪ್ರಕಟಿಸಿತು. ಹೆಗ್ಡೆಯವರು ಏಪ್ರಿಲ್ 30ರಂದು ರಾಜೀನಾಮೆ ಕೊಟ್ಟರು. ಯಾವ ಪಕ್ಷ ಅವರನ್ನು ರಾಜ್ಯಸಭೆಗೆ ಕಳಿಸಿತ್ತೋ ಅದೇ ಪಕ್ಷದ ಸರ್ಕಾರ ಅವರನ್ನು ದಾಟಿತ್ತು. 1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣಕ್ಕೆ ನಿಂತು ಕೆಂಗಲ್ ಹನುಮಂತಯ್ಯನವರನ್ನು ಸೋಲಿಸಿದರು, ಲೋಕಸಭೆಯ ಸ್ಪೀಕರ್ ಆದರು.

"ಅಂವಾ ಮೂರೂ ಕುರ್ಚಿ ಮ್ಯಾಲೆ ಕುಂತಾನ. ಆದ್ರ ಒಮ್ಮಿಗೆ ಒಂದರ ಮ್ಯಾಲ ಅಷ್ಟ," ಎನ್ನುತ್ತಿದ್ದರು ಸಾಹೇಬರು. ಮೂರನ್ನೂ ಏರಬಹುದು, ಒಂದರಿಂದ ಇಳಿದೇ ಇನ್ನೊಂದನ್ನು ಏರಬೇಕು. ಮಂಡಳಿಯಲ್ಲಿ ಕೂಡುತ್ತಿದ್ದ ಶಾಸಕರ ಮೇಲೆ ಅವರಿಗಿದ್ದ ಆಕ್ಷೇಪ ಇಷ್ಟೇ. ಅವರು ಕೆಟ್ಟವರೆಂದಲ್ಲ, ಓಟು ಕೇಳಿದ ಅಂಗಿಯಲ್ಲೇ ತೀರ್ಪು ಹೇಳುತ್ತಿದ್ದರು ಎಂದು. ಎದುರಿಗೆ ನಿಂತವರಲ್ಲಿ ಒಬ್ಬ ತನ್ನ ಮತದಾರ, ಇನ್ನೊಬ್ಬಳು ಧಾರವಾಡದ ಮತದಾರಳು. ಮನಸ್ಸು ಎಷ್ಟೇ ನೆಟ್ಟಗಿದ್ದರೂ ಕಿವಿ ಒಂದು ಕಡೆ ವಾಲುತ್ತದೆ.

ಸಾಹೇಬರನ್ನೂ ಚುನಾವಣೆಗೆ ನಿಲ್ಲಿಸಲು ಪಕ್ಷದವರು ಬಂದಿದ್ದುಂಟು. ಬಾಕಿನ ಮೇಲೆ ಕೂರಿಸಿ, ಚಹಾ ಕುಡಿಸಿ, ತಮ್ಮ ಕಪಾಟು ತೋರಿಸಿದರು. ಎರಡೂ ಪಕ್ಷದವರ ವಕಾಲತ್ನಾಮೆ ಅದರಲ್ಲಿದ್ದವು. "ನಾ ನಿಂತ ದಿನ ಇದರಾಗ ಅರ್ಧ ಫೈಲು ವಾಪಸ್ ಕೊಡಬೇಕಾಗ್ತೈತಿ," ಎಂದು ನಕ್ಕು ಕಳಿಸಿದರು.

ನನ್ನ ಓರಗೆಯವನೊಬ್ಬ ಪರೀಕ್ಷೆ ಬರೆದು ಮುನ್ಸೀಫನಾದ. ಬಾರ್ ರೂಮಿನಲ್ಲಿ ಅವನಷ್ಟು ಮಾತುಗಾರ ಇರಲಿಲ್ಲ. ಜಡ್ಜ್ ಆದ ಮೇಲೆ ಮದುವೆಗೋ ಮುಂಜಿಗೋ ಊರಿಗೆ ಬಂದರೆ ಮೂಲೆಯ ಕುರ್ಚಿ ಹುಡುಕಿ ಕೂಡುತ್ತಿದ್ದ. ಯಾರಾದರೂ ಹೊಲದ ಸುದ್ದಿ ತೆಗೆದರೆ ಎದ್ದು ಕೈತೊಳೆಯಲು ಹೋಗುತ್ತಿದ್ದ. ಸೊಕ್ಕು ಬಂತು ಎಂದು ಮಂದಿ ಆಡಿಕೊಂಡರು. ಒಮ್ಮೆ ನನ್ನೊಬ್ಬನಿಗೇ ಹೇಳಿದ: ವಕೀಲನಾಗಿದ್ದಾಗ ಕೇಸು ಮುಗಿದ ಮೇಲೆ ನಿದ್ದೆ ಬರುತ್ತಿತ್ತು, ಈಗ ಕೇಸು ಮುಗಿದ ಮೇಲೆ ಬರೆಯಬೇಕು, ಸೋತವನಿಗೆ ಒಪ್ಪುವಂತೆ ಬರೆಯಬೇಕು, ಅದಕ್ಕೇ ನಿದ್ದೆ ಹೋಗಿದೆ. ಸೋತವನಿಗೆ ಒಪ್ಪುವಂತೆ ಬರೆಯುವುದು, ಜಡ್ಜ್ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

1987ರಲ್ಲಿ ಸುಪ್ರೀಂ ಕೋರ್ಟು ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ನಮ್ಮನ್ನು ಹೊರಗಿಟ್ಟಿದ್ದ ಆ ಉಪಕಲಮನ್ನು ಜಾರಿ ಮಾಡಕೂಡದೆಂದು ಹೇಳಿತು. ವಕೀಲರು ಎಲ್ಲಿ ಹಾಜರಾಗಬಹುದು ಎಂಬುದು ಕೇಂದ್ರದ ಕಾನೂನಿಗೆ ಸೇರಿದ್ದು, ರಾಜ್ಯದ ಕಾಯ್ದೆ ಅದಕ್ಕೆ ಅಡ್ಡ ಬರುವಂತಿಲ್ಲ ಎಂಬುದು ಅದರ ತಿರುಳು. ಸುದ್ದಿ ಬಂದ ದಿನ ಬಾರ್ ರೂಮಿನಲ್ಲಿ ಪೇಢೆ ಹಂಚಿದರು. ಸಾಹೇಬರು ಪೇಢೆ ತಿಂದು, "ಒಳಗ ಹೋಗಾಕ ಬಿಟ್ಟಾರ ಅಂತ ಮತ್ತ ಹತ್ತು ವರ್ಷ ಎಳೀಬ್ಯಾಡ್ರಿ," ಎಂದರು. ಯಾರೂ ನಗಲಿಲ್ಲ.

ಆ ವಿಧವೆಯ ಕೇಸು ಹೈಕೋರ್ಟಿನಿಂದ ವಾಪಸು ಬಂದಾಗ ನಾನು ಒಳಗೆ ಹೋಗಿ ನಿಂತೆ. ಅಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು, ಮಗ ವಾರಸುದಾರನಾಗಿ ಬಂದಿದ್ದ. ಸಾಕ್ಷಿಗಳ ಪಾಟೀಸವಾಲು ಮಾಡಿದೆ, ಉತಾರಗಳನ್ನು ವರ್ಷವಾರು ಹಾಜರುಪಡಿಸಿದೆ. ಕೂಲಿ ಕೊಟ್ಟದ್ದಕ್ಕೆ ಒಂದು ಚೀಟಿಯೂ ಸಿಗಲಿಲ್ಲ, ಕೋರು ಕೊಟ್ಟದ್ದಕ್ಕೆ ಎದುರಿನವರ ಬಳಿ ಎರಡು ಕಾಗದ ಸಿಕ್ಕವು. ಮತ್ತೆ ಸೋತೆವು. ಈ ಸಲ ಆದೇಶ ಆರು ಪುಟ. ಯಾವ ಸಾಕ್ಷಿಯನ್ನು ಏಕೆ ನಂಬಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ಬರೆದಿದ್ದರು. ಮಗನನ್ನು ಕೂರಿಸಿಕೊಂಡು ಓದಿ ಹೇಳಿ, ಮತ್ತೆ ರಿಟ್ ಹಾಕಬೇಕೇ ಎಂದು ಕೇಳಿದೆ.

"ಬ್ಯಾಡ್ರಿ. ಯಾಕ ಸೋತ್ವಿ ಅಂತ ಗೊತ್ತಾತಲ್ಲ, ಸಾಕು. ನಮ್ಮವ್ವಗ ಇಷ್ಟು ಯಾರೂ ಹೇಳಲಿಲ್ಲ."

ಆ ಹೊಲದ ತಂಟೆ ಅಲ್ಲಿಗೆ ಮುಗಿಯಿತು. ಮೊದಲ ದಿನವೇ ಯಾರಾದರೂ ಆ ಆರು ಪುಟ ಬರೆದಿದ್ದರೆ ಎರಡು ಮನೆಗಳ ಅಷ್ಟು ವರ್ಷದ ಓಡಾಟ ಉಳಿಯುತ್ತಿತ್ತು.

2008ರ ಜುಲೈ 4ರಂದು ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಬೈಲಹೊಂಗಲದವರು ಬೆಳಿಗ್ಗೆ ರೊಟ್ಟಿ ತಿಂದು ಬಸ್ಸು ಹತ್ತಿದರೆ ಕೇಸು ಕೂಗುವ ಹೊತ್ತಿಗೆ ಅಲ್ಲಿರುತ್ತಾರೆ. ಮುನ್ಸೀಫ್ ಕೋರ್ಟಿನ ಹೆಸರು ಸಿವಿಲ್ ಜಡ್ಜ್ ಕೋರ್ಟು ಎಂದಾಗಿದೆ, ಉತಾರ ಕಂಪ್ಯೂಟರಿನಿಂದ ಬರುತ್ತದೆ. ಸಾಹೇಬರು ಇದನ್ನೆಲ್ಲ ನೋಡಲಿಲ್ಲ. ನಾನು ಕೋಟು ಬಿಚ್ಚಿಟ್ಟು ಮನೆಯಲ್ಲಿದ್ದೇನೆ. ಹಾಗಿದ್ದೂ ಸಂತೆಯ ದಿನ ಯಾರಾದರೂ ಹಳೇ ಕಾಗದ ಹಿಡಿದು ಬರುತ್ತಾರೆ. ಅವರಲ್ಲಿ ಬಹಳ ಮಂದಿ ಅಂದಿನ ಅರ್ಜಿದಾರರ ಮೊಮ್ಮಕ್ಕಳು. "ಟೆನೆನ್ಸಿಯೊಳಗ ಬಂದ ಹೊಲ" ಎಂದೇ ಮಾತು ಶುರುಮಾಡುತ್ತಾರೆ.

ಭೂ ಸುಧಾರಣೆಯನ್ನು ಬೈಯುವವರೂ ಹೊಗಳುವವರೂ ನಮ್ಮಲ್ಲಿ ಇನ್ನೂ ಇದ್ದಾರೆ. ಅಂಗಳದಲ್ಲಿ ನಿಂತು ಕಂಡವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಶಾಸಕರು ಮನಸ್ಸು ಮಾಡದಿದ್ದರೆ ಉಳುವವನಿಗೆ ಹೊಲ ಸಿಗುತ್ತಿರಲಿಲ್ಲ; ನಾವು ವಕೀಲರಾಗಲಿ ನಮ್ಮ ಕೋರ್ಟುಗಳಾಗಲಿ ಅದನ್ನು ಕೊಡಿಸುತ್ತಿರಲಿಲ್ಲ. ಆ ಶಾಸಕರೇ ತೀರ್ಪಿನ ಕುರ್ಚಿಯಲ್ಲೂ ಕೂತದ್ದು, ಎದುರುಪಕ್ಷದ ಮಾತು ಆಡುವವನನ್ನು ಹೊರಗಿಟ್ಟದ್ದು, ಕಾರಣ ಬರೆಯದೆ ಬಿಟ್ಟದ್ದು ತಪ್ಪು. ಕೊಟ್ಟ ನೆಲವೂ ಅದರಿಂದಾಗಿ ಇಪ್ಪತ್ತು, ಮೂವತ್ತು ವರ್ಷ ತೂಗಾಡಿತು. ಇಂದು ತಾಲೂಕಿಗೊಂದು ಸಮಿತಿ, ಪ್ರಾಧಿಕಾರ, ಆಯೋಗ ಆಗುತ್ತಿವೆ. ಅವುಗಳಲ್ಲಿ ಕೂಡುವ ಶಾಸಕರು, ಅಧಿಕಾರಿಗಳು ಇದೊಂದನ್ನು ನೆನಪಿಟ್ಟರೆ ಸಾಕು: ಇಬ್ಬರ ಮಾತೂ ಕೇಳಿ, ಸೋತವನಿಗೆ ಒಪ್ಪುವಂತೆ ಬರೆಯಿರಿ.

ಓದುಗರಿಗೂ ಒಂದು ಮಾತು. ನಿಮ್ಮ ಮನೆಗೆ ನ್ಯಾಯಮಂಡಳಿಯಿಂದ ಹೊಲ ಬಂದಿದ್ದರೆ ಅಜ್ಜನ ಟ್ರಂಕು ತೆಗೆದು ನೋಡಿ. ಅದರಲ್ಲಿ ಮಂಡಳಿಯ ಆದೇಶ ಮತ್ತು ಫಾರಂ ನಂಬರ್ 10ರ ಹಕ್ಕುಪತ್ರ ಎರಡೂ ಇರಬೇಕು. ಆದೇಶ ಮಾತ್ರ ಇದ್ದು ಹಕ್ಕುಪತ್ರ ಇಲ್ಲದಿದ್ದರೆ ಮಾಮಲೇದಾರ ಕಚೇರಿಯಲ್ಲಿ ವಿಚಾರಿಸಿ. ಹೊಲವನ್ನು ಮಾರಲು ಕಾಯ್ದೆ ಹಾಕಿದ 15 ವರ್ಷದ ತಡೆ ಇದ್ದಾಗಲೇ ಅಜ್ಜ ಯಾರಿಗಾದರೂ ಬರೆದುಕೊಟ್ಟಿದ್ದರೆ ಅದನ್ನು ವಕೀಲರ ಮುಂದೆ ಮುಚ್ಚಿಡಬೇಡಿ. ಉತಾರದ 9ನೇ ಕಾಲಮಿನಲ್ಲಿ ಇನ್ನೂ ಹಳೇ ಒಡೆಯರ ಅಥವಾ ಸರ್ಕಾರದ ಹೆಸರಿದ್ದರೆ ಇಂದೇ ಅರ್ಜಿ ಕೊಡಿ. ಆದೇಶದ ದೃಢೀಕೃತ ನಕಲು ಒಂದನ್ನು ತೆಗೆಸಿ ಮನೆಯಲ್ಲಿಡಿ. ಅಂದಿನ ಸೈಕ್ಲೋಸ್ಟೈಲ್ ಹಾಳೆಗಳು ಮುಟ್ಟಿದರೆ ಪುಡಿಯಾಗುವಂತಾಗಿವೆ, ಇನ್ನೊಂದು ಮಳೆಗಾಲ ತಡೆಯಲಾರವು.